ಸೆಕೆ, ಮಳೆ, ಉಪ್ಪುಗಾಳಿ: ಫ್ರೀಸ್ಟೈಲ್ ಸ್ಕೂಟರ್‌ಗೆ ಮೂರು ವರ್ಷದಲ್ಲಿ ಮೂರು ಜೋಡಿ ಗ್ರಿಪ್

ಮಂಗಳೂರಲ್ಲಿ ಸ್ಕೂಟರ್‌ಗೆ ಗ್ರಿಪ್ ಕೊಡಿ ಎಂದರೆ ಆಕ್ಟಿವಾದ್ದು ಕೊಡುತ್ತಾರೆ. ಹಂಪನಕಟ್ಟೆಯ ಒಂದು ಅಂಗಡಿಯಲ್ಲಿ ನನಗೂ ಅದನ್ನೇ ಕೊಟ್ಟರು. "ಎಲ್ಲ ಒಂದೇ ಸೈಜ್, ಹಾಕಿ ನೋಡಿ" ಅಂದರು. ಮನೆಗೆ ಬಂದು ಹಾಕಿದೆ. ಎಡಗಡೆಯದು ಚೆಂದ ಕೂತಿತು. ಬಲಗಡೆಯದು ಲೊಡಲೊಡ. ಆಕ್ಟಿವಾದಲ್ಲಿ ಬಲಗಡೆ ಎಕ್ಸಿಲರೇಟರ್ ಕೊಳವೆ ಇರುತ್ತದಲ್ಲ, ಗ್ರಿಪ್ ಅದರ ಮೇಲೆ ಕೂರಬೇಕು. ಹಾಗಾಗಿ ಆ ಕಡೆಯ ತೂತು ದೊಡ್ಡದು. ಇದು ಹೊಳೆಯಲು ನನಗೆ ಅರ್ಧ ಗಂಟೆ ಬೇಕಾಯಿತು.

ನನ್ನದು ಕಾಲಲ್ಲಿ ತಳ್ಳುವ ಸ್ಕೂಟರ್. ಎಂಜಿನ್ ಇಲ್ಲ, ಕೈಯಲ್ಲಿ ಬ್ರೇಕ್ ಇಲ್ಲ, ಮಡಚಲಿಕ್ಕೂ ಆಗುವುದಿಲ್ಲ. ಹಾರಿ, ಕಾಲಡಿಯ ಡೆಕ್ಕನ್ನು ಒಂದು ಸುತ್ತು ತಿರುಗಿಸಿ ಮತ್ತೆ ಅದರ ಮೇಲೇ ಇಳಿದರೆ ಟೇಲ್‌ವಿಪ್. ಗಾಳಿಯಲ್ಲೇ ಹ್ಯಾಂಡಲ್ ಬಾರ್ ತಿರುಗಿಸಿ ಬಿಟ್ಟು ಮತ್ತೆ ಹಿಡಿದರೆ ಬಾರ್‌ಸ್ಪಿನ್. ಟೇಲ್‌ವಿಪ್‌ನಲ್ಲಿ ಒಂದು ಕ್ಷಣ ಇಡೀ ಸ್ಕೂಟರ್ ಗ್ರಿಪ್‌ನಿಂದಲೇ ನೇತಾಡುತ್ತಿರುತ್ತದೆ. ಜನ ಚಕ್ರಕ್ಕೆ, ಡೆಕ್ಕಿಗೆ ಸಾವಿರಾರು ರೂಪಾಯಿ ಸುರಿದು ಗ್ರಿಪ್ ಮಾತ್ರ ಬಣ್ಣ ನೋಡಿ ತಗೊಳ್ಳುತ್ತಾರೆ. ನಾನೂ ಹಾಗೇ ಮಾಡಿದ್ದೆ.

2022ರ ನವೆಂಬರಿನಲ್ಲಿ ಶುರು ಮಾಡಿದ್ದು. ಕಂಪನಿಗಳ ಹೆಸರು ಹೇಳುವುದಿಲ್ಲ, ಗ್ರಿಪ್‌ನ ಜಾತಿ ಹೇಳುತ್ತೇನೆ. ಅಷ್ಟು ಸಾಕು.

ಮೊದಲನೆಯದು ಸ್ಕೂಟರಿನ ಜೊತೆಗೇ ಬಂದದ್ದು. ಗಟ್ಟಿ, ನುಣುಪು, ದಪ್ಪ. ನನ್ನ ಅಂಗೈ ಸಣ್ಣದು. ದಪ್ಪ ಗ್ರಿಪ್ಪನ್ನು ಗಟ್ಟಿಯಾಗಿ ಹಿಡಿದುಕೊಂಡೇ ಇರಬೇಕಾಗುತ್ತಿತ್ತು, 20 ನಿಮಿಷಕ್ಕೆ ಮುಂಗೈ ಕಲ್ಲಾಗುತ್ತಿತ್ತು. ಜೊತೆಗೆ ಅದರ ಒಳತುದಿಯಲ್ಲಿ ಫ್ಲೇಂಜ್ ಇತ್ತು, ಅಂದರೆ ಬಳೆಯಂಥ ಅಂಚು. ಬಾರ್‌ಸ್ಪಿನ್‌ನಲ್ಲಿ ಬಾರ್ ತಿರುಗಿ ಬರುವಾಗ ಹೆಬ್ಬೆರಳಿಗೆ ಸರಿಯಾಗಿ ಬಡಿಯುವುದು ಅದೇ. ನಾಲ್ಕು ತಿಂಗಳಿಗೆ ಬಿಟ್ಟೆ. ಇದರ ಬಗ್ಗೆ ಇನ್ನೇನೂ ಹೇಳಲಿಕ್ಕಿಲ್ಲ.

ಎರಡನೆಯದು ಆನ್‌ಲೈನ್‌ನಲ್ಲಿ ತರಿಸಿದ್ದು, 650 ರೂಪಾಯಿ. ಬಹಳ ಮೃದು, ಅಣಬೆಯ ಅಡಿಭಾಗದಲ್ಲಿ ಇರುತ್ತದಲ್ಲ, ಅಂಥ ತೆಳು ಪದರಗಳು. ಕೈಯಲ್ಲಿ ಹಿಡಿದರೆ ಬಿಡಲು ಮನಸ್ಸಾಗದು. ಮಾರ್ಚ್‌ನಲ್ಲಿ ಹಾಕಿದೆ. ಏಪ್ರಿಲ್ ಮುಗಿಯುವುದರೊಳಗೆ ಕಿರುಬೆರಳಿನ ಕಡೆಯ ಪದರಗಳು ಒಂದೊಂದೇ ಕಿತ್ತು ಬಂದವು. ನಮ್ಮ ಸೆಕೆ ಗೊತ್ತಲ್ಲ, ಬೆಳಿಗ್ಗೆ ಆರಕ್ಕೇ ಬೆವರು ಇಳಿಯುತ್ತದೆ. ಮೇ ತಿಂಗಳಿಗೆ ಗ್ರಿಪ್ ಅಂಟಂಟು, ಹಲಸಿನ ಹಣ್ಣು ಬಿಡಿಸಿದ ಕೈಯ ಹಾಗೆ. ಅದರಲ್ಲಿ ಅರ್ಧ ತಪ್ಪು ನನ್ನದೇ. ತಲೆಗೆ ತೆಂಗಿನೆಣ್ಣೆ ಹಚ್ಚಿ, ಕೈ ಸರಿಯಾಗಿ ತೊಳೆಯದೆ ಹೊರಡುತ್ತಿದ್ದೆ. ರಬ್ಬರಿಗೂ ಎಣ್ಣೆಗೂ ಆಗುವುದಿಲ್ಲ, ಉಬ್ಬಿ ಮೆತ್ತಗಾಗುತ್ತದೆ. ಗೋಳಿಬಜೆ ತಿಂದ ಕೈಯಲ್ಲಂತೂ ಮುಟ್ಟಲೇಬೇಡಿ.

ಆದರೆ ನಿಜವಾದ ಪಾಠ ಆಟಿ ತಿಂಗಳ ಮಳೆಯಲ್ಲಿ ಸಿಕ್ಕಿತು. ಗ್ರಿಪ್ ಹಾಕಲು ಎಲ್ಲರೂ ಹೇಳುವ ಉಪಾಯ ಸೋಪಿನ ನೀರು. ಬಾರಿಗೆ ಹಚ್ಚಿ, ಜಾರಿಸಿ, ಒಣಗಲು ಬಿಡಿ ಎನ್ನುತ್ತಾರೆ. ಒಣ ಹವೆಯ ಊರಲ್ಲಿ ಅದು ಸರಿ ಇರಬಹುದು. ವರ್ಷಕ್ಕೆ 3,500 ಮಿಲಿಮೀಟರ್ ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ, ಹಗ್ಗದ ಮೇಲಿನ ಬನಿಯನ್ನೇ ಮೂರು ದಿನಕ್ಕೆ ಒಣಗುವುದಿಲ್ಲ. ಗಾಳಿಯಾಡದ ರಬ್ಬರಿನ ಒಳಗಿನ ನೀರು ಎಲ್ಲಿ ಒಣಗಬೇಕು? ಜುಲೈಯಲ್ಲಿ ಗ್ರಿಪ್ ಬಿಚ್ಚಿ ತೊಳೆದು ಸೋಪು ನೀರಲ್ಲೇ ಮತ್ತೆ ಹಾಕಿದ್ದೆ. ವಾರ ಕಳೆದರೂ ಅದು ಬಾರಿನ ಮೇಲೆ ಸುತ್ತುತ್ತಲೇ ಇತ್ತು. ಫ್ಲಾಟಿನ ಪಾರ್ಕಿಂಗ್‌ನಲ್ಲಿ ಟೇಲ್‌ವಿಪ್ ಹೊಡೆದಾಗ ಬಲಗೈಯ ಗ್ರಿಪ್ ತಿರುಗಿತು, ಬಾರ್ ಓರೆಯಾಯಿತು, ಡೆಕ್ಕಿನ ಅಂಚು ಕಣಕಾಲಿಗೆ ಬಡಿಯಿತು. ಆ ಪೆಟ್ಟು ತಿಂದವರಿಗೆ ವಿವರಿಸಬೇಕಾಗಿಲ್ಲ, ತಿನ್ನದವರಿಗೆ ವಿವರಿಸಲು ಆಗುವುದಿಲ್ಲ.

ಬಿಚ್ಚಿ ನೋಡಿದರೆ ಒಳಗೆ ಕಂದು ನೀರು. ನನ್ನದು ಸ್ಟೀಲ್ ಬಾರ್. ಭಾನುವಾರ ಪಣಂಬೂರು ಬೀಚಿನ ಕಡೆ ಹೋಗುವ ಚಟ ಬೇರೆ, ಉಪ್ಪುಗಾಳಿ. ಗ್ರಿಪ್‌ನ ಅಡಿಯಲ್ಲಿ ಸುತ್ತಲೂ ತುಕ್ಕು.

ಈಗ ನಾನು ಮಾಡುವುದು ಹೀಗೆ. ನಯವಾದ ಮರಳು ಕಾಗದದಲ್ಲಿ ತುಕ್ಕು ತೆಗೆದು, ಬಾರನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸುತ್ತೇನೆ. ಅದನ್ನೇ ಸ್ವಲ್ಪ ಗ್ರಿಪ್‌ನ ಒಳಗೂ ಹಾಕಿ ಒಂದೇ ಸಲಕ್ಕೆ ತಳ್ಳುವುದು. ನಡುವೆ ನಿಲ್ಲಿಸಿದರೆ ಅಲ್ಲೇ ಕಚ್ಚಿಕೊಳ್ಳುತ್ತದೆ. ಮಳೆಗಾಲದಲ್ಲೂ ಒಂದು ರಾತ್ರಿ ಬಿಟ್ಟರೆ ಬೆಳಿಗ್ಗೆ ಗಟ್ಟಿ. ಹೇರ್‌ಸ್ಪ್ರೇ ಇನ್ನೂ ಒಳ್ಳೆಯದು, ಹಸಿ ಇರುವಾಗ ಜಾರುತ್ತದೆ, ಒಣಗಿದ ಮೇಲೆ ಗೋಂದು. ಅಕ್ಕ ಮೆಹಂದಿಗೆ ತಂದಿಟ್ಟ ಬಾಟಲಿಯನ್ನು ಅರ್ಧ ಖಾಲಿ ಮಾಡಿದ್ದಕ್ಕೆ ಎರಡು ದಿನ ಮಾತಿಲ್ಲ. ಬಿಚ್ಚಲು ಪಂಕ್ಚರ್ ಅಂಗಡಿಯ ಗಾಳಿ ಪೈಪ್ ಬೆಸ್ಟ್. ಅಂಚಿನಿಂದ ಒಳಗೆ ಗಾಳಿ ಬಿಟ್ಟರೆ ಗ್ರಿಪ್ ಉಬ್ಬಿ ತಾನೇ ಜಾರುತ್ತದೆ. ಮೊದಲ ಸಲ ಹೋದಾಗ ಅಂಗಡಿಯವರು ಸ್ಕೂಟರನ್ನು ತಿರುಗಿಸಿ ತಿರುಗಿಸಿ ನೋಡಿದರು. "ಇದೆಂತ ಮಾರಾಯ್ರೆ, ಗಾಳಿ ಹಾಕ್ಲಿಕ್ಕೆ ಟಯರೇ ಇಲ್ವಲ್ಲ!" ಚಕ್ರ ಗಟ್ಟಿ ಪಾಲಿಯುರೆಥೇನ್, ಅವರ ಪ್ರಶ್ನೆ ಸರಿಯೇ.

ಮೂರನೆಯ ಜೋಡಿ 2023ರ ಸೆಪ್ಟೆಂಬರಿನಿಂದ ಇದೆ. ಎರಡು ಮಳೆಗಾಲ ಕಂಡಿದೆ. ಶಿಪ್ಪಿಂಗ್ ಸೇರಿ 1,350 ರೂಪಾಯಿ, ಆಗ ಜಾಸ್ತಿ ಅನ್ನಿಸಿತ್ತು. ತೆಳು, ಮಧ್ಯಮ ಗಟ್ಟಿ, ಫ್ಲೇಂಜ್ ಇಲ್ಲ, ಅಡ್ಡ ಗೆರೆಗಳು, ಉದ್ದ 160 ಮಿಮೀ. ಗೆರೆಗಳ ನಡುವೆ ಬೆವರು ಇಳಿಯಲು ಜಾಗ ಇರುತ್ತದೆ, ಹಾಗಾಗಿ ಕೈ ಜಾರುವುದು ಕಡಿಮೆ. ಗ್ರಿಪ್ ಕೂರುವ ಕಡೆ ಬಾರಿನ ದಪ್ಪ 22.2 ಮಿಮೀ, ಬಿಎಂಎಕ್ಸ್ ಸೈಕಲ್ಲಿನಷ್ಟೇ. ಅದರ ಗ್ರಿಪ್ ಕೂಡ ಕೂರುತ್ತದೆ, ಆದರೆ ಸಾಮಾನ್ಯವಾಗಿ ಗಿಡ್ಡ. ನನಗೆ ಕೈ ಒಳಗೆ ಹೊರಗೆ ಸರಿಸುವ ಅಭ್ಯಾಸ, ಉದ್ದ ಬೇಕು. ನಿಮ್ಮದು ವೈ ಆಕಾರದ ಬಾರ್ ಆದರೆ ಬೆಸುಗೆಯವರೆಗೆ ಅಳೆದು ನೋಡಿ, ಉದ್ದದ್ದು ಪೂರ್ತಿ ಒಳಗೆ ಹೋಗದೆ ಇರಬಹುದು.

ತಕರಾರು ಇಲ್ಲದಿಲ್ಲ. ತೆಳುವಾದ್ದರಿಂದ ಎತ್ತರದಿಂದ ಇಳಿದಾಗ ಪೆಟ್ಟು ನೇರ ಮಣಿಕಟ್ಟಿಗೆ. ಮೊದಲ ಎರಡು ವಾರ ಅಂಗೈಯಲ್ಲಿ ಬೊಕ್ಕೆ ಬಂತು. ಗ್ಲೌಸ್ ಹಾಕಿ ನೋಡಿದೆ, ನಮ್ಮ ಸೆಕೆಗೆ ಅದು ಹತ್ತು ನಿಮಿಷದಲ್ಲಿ ಒದ್ದೆ ಬಟ್ಟೆ. ಸ್ಕ್ರೂ ಬಿಗಿಯುವ ಲಾಕ್ ಗ್ರಿಪ್ ಕೂಡ ಗೆಳೆಯನದ್ದು ಒಂದು ವಾರ ಹಾಕಿದ್ದೆ. ಸುತ್ತುವುದಿಲ್ಲ, ನಿಜ. ಆದರೆ ಲೋಹದ ಬಳೆ ಹೆಬ್ಬೆರಳಿಗೆ ಒತ್ತುತ್ತದೆ, ಸ್ಕ್ರೂ ತುಕ್ಕು ಹಿಡಿಯಿತು.

ಒಂದು ವಿಷಯದಲ್ಲಿ ಮಾತ್ರ ರಾಜಿ ಬೇಡ, ಬಾರ್ ಎಂಡ್. ಕೊಳವೆಯ ತುದಿಗೆ ಹಾಕುವ ಮುಚ್ಚಳ. ಅದಿಲ್ಲದೆ ಬಿದ್ದರೆ ಬರಿಯ ಕೊಳವೆ ಮೈಗೆ ಹೊಕ್ಕುವ ಉಳಿ. ಗ್ರಿಪ್‌ನ ತುದಿ ಬೇಗ ಹರಿದು ಹೋಗುವುದೂ ಅದು ಇಲ್ಲದಾಗಲೇ. ಕೊಳ್ಳುವಾಗ ಬಾರ್ ಸ್ಟೀಲೋ ಅಲ್ಯೂಮಿನಿಯಮ್ಮೋ ಹೇಳಿ. ಅಲ್ಯೂಮಿನಿಯಮ್ ಕೊಳವೆಯ ಗೋಡೆ ದಪ್ಪ, ತೂತು ಚಿಕ್ಕದು, ಸ್ಟೀಲ್ ಬಾರಿನ ಮುಚ್ಚಳ ಅದರೊಳಗೆ ಹೋಗುವುದಿಲ್ಲ. ನನ್ನ ಎಡಗಡೆಯದು ಒಮ್ಮೆ ಉದುರಿ ಹೋದಾಗ ಹೊಸದು ಬರುವವರೆಗೆ ಆರು ದಿನ ಸ್ಕೂಟರ್ ಮುಟ್ಟಲಿಲ್ಲ.

ಈಗ ಬಲಗೈಯ ಗೆರೆಗಳು ಸವೆದಿವೆ. ಅದೇ ಜಾತಿಯ ಇನ್ನೊಂದು ಜೋಡಿ ತರಿಸಬೇಕು. ಕಳೆದ ಸಲ ಬಿಳಿ ತಗೊಂಡಿದ್ದೆ. ಕೆಂಪು ಕಲ್ಲಿನ ಧೂಳು ಹಿಡಿದು ಎರಡೇ ವಾರಕ್ಕೆ ಹಂಚಿನ ಬಣ್ಣಕ್ಕೆ ತಿರುಗಿತು. ಈ ಸಲ ಕಪ್ಪು.