ಗಾಲೆ ಕೋಟೆಯೊಳಗಿನ ಮೂರು ಹಳೇ ಮನೆಗಳು: ಮಳೆಗಾಲದಲ್ಲಿ ವಾಸವಿದ್ದು ನೋಡಿದ ಹೋಲಿಕೆ

ಶ್ರೀಲಂಕಾದ ಗಾಲೆ ಕೋಟೆಯಲ್ಲಿ ಹಳೇ ಮನೆ ಕೊಳ್ಳಬೇಕು ಎಂದರೆ ಬ್ರೋಕರ್‌ಗಳು ಜನವರಿ, ಫೆಬ್ರವರಿಯಲ್ಲಿ ಕರೆದುಕೊಂಡು ಹೋಗುತ್ತಾರೆ. ಆಗ ಬಿಸಿಲು, ಗೋಡೆ ಒಣಗಿರುತ್ತದೆ, ಹೊಸದಾಗಿ ಬಳಿದ ಬಣ್ಣ ಹೊಳೆಯುತ್ತದೆ. ನಾವೂ ಮೊದಲು ನೋಡಿದ್ದು ಆಗಲೇ. ಮೂರು ಮನೆ ಮನಸ್ಸಿಗೆ ಬಂದವು. ಮೂರೂ ಚಿಕ್ಕವು, ಮೂರಕ್ಕೂ ದೊಡ್ಡ ರಿಪೇರಿ ಬೇಕಿತ್ತು. ಮುಂಗಡ ಕೊಡುವ ಮೊದಲು ಬಾಡಿಗೆಗೆ ಇದ್ದು ನೋಡುತ್ತೇವೆ ಎಂದು ಮಾಲೀಕರನ್ನು ಕೇಳಿಕೊಂಡೆವು. ಮೇ ಕೊನೆಯಿಂದ ಸೆಪ್ಟೆಂಬರ್‌ವರೆಗೆ, ನೈಋತ್ಯ ಮಳೆ ಹೊಡೆಯುವ ತಿಂಗಳುಗಳಲ್ಲೇ, ಒಂದೊಂದರಲ್ಲಿ ಐದೈದು ವಾರ ಇದ್ದೆವು.

ಕೊಳ್ಳುವುದು ಎಂಬ ಮಾತನ್ನು ಮೊದಲೇ ಸರಿಪಡಿಸಿಬಿಡುತ್ತೇನೆ. 2014ರ ಭೂ ಕಾಯ್ದೆಯ ಪ್ರಕಾರ ವಿದೇಶಿಯರು ಅಲ್ಲಿ ನೆಲವನ್ನು ಸ್ವಂತಕ್ಕೆ ಬರೆಸಿಕೊಳ್ಳುವಂತಿಲ್ಲ. ಹೆಚ್ಚೆಂದರೆ 99 ವರ್ಷಕ್ಕೆ ಲೀಸ್ ಪಡೆಯಬಹುದು. ನಾವು ಹುಡುಕಿದ್ದು 30 ವರ್ಷದ ಲೀಸ್. ಜಾಗದ ಲೆಕ್ಕ ಅಲ್ಲಿ ಪರ್ಚ್‌ನಲ್ಲಿ. ಒಂದು ಪರ್ಚ್ ಅಂದರೆ ಸುಮಾರು 272 ಚದರಡಿ.

ಮೊದಲನೆಯದು ರಾಂಪಾರ್ಟ್ ಸ್ಟ್ರೀಟಿನ ಮನೆ, ಐದು ಪರ್ಚ್. ಬಾಗಿಲು ತೆಗೆದರೆ ಎದುರಿಗೇ ಕೋಟೆಗೋಡೆ, ಅದರಾಚೆ ಸಮುದ್ರ. ಸಂಜೆ ಜಗಲಿಯಲ್ಲಿ ಕೂತರೆ ಎದ್ದು ಬರುವ ಮನಸ್ಸಾಗುತ್ತಿರಲಿಲ್ಲ. ಮೂರರಲ್ಲಿ ಇದಕ್ಕೇ ಬೆಲೆ ಹೆಚ್ಚು, ಪರ್ಚ್ ಲೆಕ್ಕದಲ್ಲಿ ಎರಡನೆಯದರ ಒಂದೂವರೆ ಪಟ್ಟು ಕೇಳಿದ್ದರು. ಪೋರ್ಚುಗೀಸರು 1588ರಲ್ಲಿ ಶುರು ಮಾಡಿ, 1640ರ ನಂತರ ಡಚ್ಚರು ಕಲ್ಲಿನಲ್ಲಿ ಗಟ್ಟಿ ಮಾಡಿದ ಈ ಕೋಟೆ 2004ರ ಸುನಾಮಿಯಲ್ಲಿ ಒಳಗಿನ ಊರನ್ನು ಬಹುಮಟ್ಟಿಗೆ ಉಳಿಸಿತು. ಆದರೆ ಅಲೆಯನ್ನು ತಡೆದ ಗೋಡೆಗೆ ಗಾಳಿಯನ್ನು ತಡೆಯಲಾಗದು. ಜೂನ್‌ನಲ್ಲಿ ಅಲೆಯ ತುಂತುರು ಗೋಡೆ ಹಾರಿ ನೇರ ಜಗಲಿಗೆ ಬರುತ್ತಿತ್ತು. ಬೆಳಿಗ್ಗೆ ಒರೆಸಿದ ಕಿಟಕಿಗಾಜಿನ ಮೇಲೆ ಮಧ್ಯಾಹ್ನಕ್ಕೆ ಉಪ್ಪಿನ ಪೊರೆ. ಮೂರನೇ ವಾರಕ್ಕೆ ನಾವು ತಂದ ಹೊಸ ಬಾಗಿಲ ಚಿಲಕ ತುಕ್ಕು ಹಿಡಿಯಿತು.

ಚಿಲಕ ಬದಲಿಸಬಹುದು. ನನ್ನನ್ನು ಹಿಂದೆ ಸರಿಸಿದ್ದು ಬಾಗಿಲ ಮೇಲಿನ ಲಿಂಟಲ್. ಯಾವಾಗಲೋ ಹಳೇ ಮರದ ತೊಲೆ ತೆಗೆದು ಕಾಂಕ್ರೀಟ್ ಹಾಕಿಸಿದ್ದರು. ಉಪ್ಪು ಒಳಗಿನ ಸರಳಿಗೆ ತಲುಪಿತ್ತು. ಕಬ್ಬಿಣ ತುಕ್ಕಾದಾಗ ಹಲವು ಪಟ್ಟು ಜಾಗ ಕೇಳುತ್ತದೆ, ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಅಂಥ ಲಿಂಟಲ್‌ಗಳು ಆ ಮನೆಯಲ್ಲಿ ನಾಲ್ಕು.

ಎರಡನೆಯದು ಲೇನ್ ಬಾನ್ ಸ್ಟ್ರೀಟಿನಲ್ಲಿ, ಆರು ಪರ್ಚ್. ಡಚ್ಚರ ಕಾಲದಲ್ಲಿ ಹಗ್ಗ ಹೊಸೆಯುತ್ತಿದ್ದ ಬೀದಿ, ಹೆಸರಿನ ಅರ್ಥವೂ ಅದೇ. ಬೀದಿಗೆ ಕಿರಿದಾದ ಮುಖ, ಒಳಗೆ ಉದ್ದಕ್ಕೆ ಹೋಗುವ ಮನೆ, ನಡುವೆ ತೆರೆದ ಅಂಗಳ. ಸಮುದ್ರ ಎಲ್ಲೂ ಕಾಣುವುದಿಲ್ಲ. ನಡುಕೋಣೆಗೆ ಹಗಲಲ್ಲೂ ದೀಪ ಬೇಕು. ಮೊದಲ ರಾತ್ರಿಯ ಮಳೆಗೇ ಹೆಂಚಿನ ಸಂದಿಯಿಂದ ಐದು ಕಡೆ ಸೋರಿತು. ಎರಡು ಜಂತಿಗಳ ತುದಿಯನ್ನು ಗೆದ್ದಲು ತಿಂದಿತ್ತು. ನಮ್ಮವರು ಆ ರಾತ್ರಿಯೇ ಇದು ಬೇಡ ಅಂದರು. ನಾನು ಒಪ್ಪಲಿಲ್ಲ. ಸೋರುವ ಹೆಂಚು ಕಣ್ಣಿಗೆ ಕಾಣುವ ರೋಗ. ಇಳಿಸಿ, ಒಡೆದದ್ದನ್ನು ಬದಲಿಸಿ, ಮತ್ತೆ ಹೊದೆಸಿದರೆ ಮುಗಿಯಿತು. ಗೋಡೆಯ ರೋಗ ಹಾಗಲ್ಲ.

ಗೋಡೆಯ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಕೋಟೆಯ ಹಳೇ ಮನೆಗಳ ಗೋಡೆ ಹವಳದ ಕಲ್ಲು, ಅವರು ಕಬೊಕ್ ಎನ್ನುವ ಮುರಕಲ್ಲು, ಸುಣ್ಣದ ಗಾರೆ ಸೇರಿ ಕಟ್ಟಿದ್ದು. ನೆಲದ ತೇವ ಉಪ್ಪನ್ನು ಹೊತ್ತುಕೊಂಡು ಮೇಲೇರುತ್ತದೆ. ಅಡುಗೆ ಉಪ್ಪಿನ ಗುಣ ನೋಡಿ: ಗಾಳಿಯ ತೇವಾಂಶ ಸುಮಾರು ಶೇಕಡಾ 75 ದಾಟಿದರೆ ನೀರು ಹೀರಿ ಕರಗುತ್ತದೆ, ಇಳಿದರೆ ಮತ್ತೆ ಹರಳಾಗುತ್ತದೆ. ಕೋಟೆಯೊಳಗೆ ರಾತ್ರಿ ಹಗಲಿನ ನಡುವೆ ಗಾಳಿ ಈ ಗೆರೆಯನ್ನು ಮತ್ತೆ ಮತ್ತೆ ದಾಟುತ್ತದೆ. ಪ್ರತಿ ಸಲ ಹರಳಾದಾಗಲೂ ಕಲ್ಲಿನ ಕಣವನ್ನು ಒಂದಿಷ್ಟು ಸಡಿಲಿಸುತ್ತದೆ. ಸುಣ್ಣದ ಗಿಲಾವು ತೇವವನ್ನು ಹೊರಗೆ ಬಿಡುತ್ತದೆ, ಉಪ್ಪನ್ನು ತಾನೇ ತೆಗೆದುಕೊಂಡು ಉದುರುತ್ತದೆ, ಕಲ್ಲು ಉಳಿಯುತ್ತದೆ. ಸಿಮೆಂಟು ದಾರಿ ಮುಚ್ಚುತ್ತದೆ. ತೇವ ಅದರ ಹಿಂದೆಯೇ ಇನ್ನೂ ಮೇಲಕ್ಕೆ ಹೋಗುತ್ತದೆ.

ಇದನ್ನು ಕೇಳಿ ನಂಬುವುದಕ್ಕಿಂತ ನೋಡೋಣ ಎಂದು ಫೆಬ್ರವರಿಯಲ್ಲೇ ಮೂರೂ ಮನೆಯ ಒಂದೊಂದು ಗೋಡೆಯಲ್ಲಿ ಹಳೇ ಗಿಲಾವು ಕೆತ್ತಿಸಿ, ಪಕ್ಕಪಕ್ಕದಲ್ಲಿ ಮೂರಡಿಯ ಎರಡು ತೇಪೆ ಹಾಕಿಸಿದ್ದೆವು. ಒಂದು ಸಿಮೆಂಟಿನದು, ಒಂದು ಸುಣ್ಣದ್ದು. ಹಾಕಿದವರು ವಯಸ್ಸಾದ ಬಾಸ್ ಉನ್ನೆಹೆ. ಗಾರೆ ಕೆಲಸದವರನ್ನು, ಬಡಗಿಯನ್ನು ಅಲ್ಲಿ ಹಾಗೆಯೇ ಗೌರವದಿಂದ ಕರೆಯುತ್ತಾರೆ. ಬಾಸ್ ಎಂಬುದು ಡಚ್ಚರಿಂದ ಬಂದ ಮಾತು. ಸುಣ್ಣದ ತೇಪೆಯ ಮೇಲೆ ಒದ್ದೆ ಗೋಣಿ ಕಟ್ಟಿ, ದಿನಾ ನೀರು ಚಿಮುಕಿಸಿ, ಆತುರಪಡಬೇಡಿ ಎಂದು ನಮಗೇ ಹೇಳಿಹೋದರು.

ಆಗಸ್ಟ್ ಹೊತ್ತಿಗೆ ವ್ಯತ್ಯಾಸ ಸ್ಪಷ್ಟವಾಯಿತು. ರಾಂಪಾರ್ಟ್ ಸ್ಟ್ರೀಟಿನಲ್ಲಿ ಎರಡು ತೇಪೆಯೂ ಸೋತವು. ಅಲ್ಲಿ ಉಪ್ಪು ಒಳಗಿನಿಂದಲೂ ಹೊರಗಿನಿಂದಲೂ ಬರುತ್ತಿತ್ತು, ಸುಣ್ಣ ಹಿಟ್ಟಿನಂತೆ ಉದುರತೊಡಗಿತ್ತು. ಲೇನ್ ಬಾನ್‌ನಲ್ಲಿ ಸಿಮೆಂಟಿನ ತೇಪೆ ಮಾತ್ರ ಮೊದಲಿನಂತೆ ಅಚ್ಚುಕಟ್ಟು. ಆದರೆ ಅದರ ಮೇಲಂಚಿನಿಂದ ಒಂದು ಗೇಣು ಎತ್ತರಕ್ಕೆ ಹಳೇ ಬಣ್ಣ ಗುಳ್ಳೆ ಎದ್ದಿತ್ತು. ಸುಣ್ಣದ ತೇಪೆಯ ಮೇಲೆ ಬಿಳಿ ಹತ್ತಿಯಂಥ ಉಪ್ಪು, ಒಣ ಬ್ರಷ್‌ನಲ್ಲಿ ಗುಡಿಸಿದರೆ ಹೋಗುತ್ತಿತ್ತು. ಅದರ ಮೇಲಿನ ಗೋಡೆ ಒಣಗಿತ್ತು. ಅಂಗಳದಿಂದ ಬೀದಿಬಾಗಿಲಿಗೆ ಹಾಯುವ ಗಾಳಿ ಆ ಮನೆಯನ್ನು ದಿನಾ ಒಣಗಿಸುತ್ತಿತ್ತು.

ಮೂರನೆಯದು ಪೆಡ್ಲರ್ ಸ್ಟ್ರೀಟಿನ ಮಹಡಿ ಭಾಗ. ನೆಲದ ತೇವ ಅಷ್ಟೆತ್ತರ ಬರುವುದಿಲ್ಲವಾದ್ದರಿಂದ ಎರಡು ತೇಪೆಯೂ ಒಂದೇ ರೀತಿ ಗಟ್ಟಿಯಾಗಿದ್ದವು. ಮರದ ನೆಲಹಾಸು ಚೆನ್ನಾಗಿತ್ತು. ಗೋಡೆಯನ್ನಷ್ಟೇ ನೋಡಿದ್ದರೆ ನಾನು ಇದನ್ನೇ ಆರಿಸುತ್ತಿದ್ದೆ.

ಕೆಟ್ಟದ್ದು ಕಾಗದಪತ್ರ. ನೋಟರಿಯವರು ಭೂ ದಾಖಲೆ ಕಚೇರಿಯಲ್ಲಿ ಹಿಂದಿನ 30 ವರ್ಷದ ವಹಿವಾಟು ತೆಗೆಸಿದಾಗ, ಅಜ್ಜನ ನಂತರ ಪಾಲೇ ಆಗಿಲ್ಲ ಎಂದು ತಿಳಿಯಿತು. ಏಳು ಜನ ಹಕ್ಕುದಾರರು, ಇಬ್ಬರು ದೇಶದಲ್ಲೇ ಇಲ್ಲ. ಮಹಡಿ ನನ್ನದು ಎಂದವರ ಬಳಿ ಇದ್ದದ್ದು ಇಡೀ ಮನೆಯ ಏಳನೇ ಒಂದು ಅವಿಭಕ್ತ ಪಾಲು. ಅವರು ಸುಳ್ಳು ಹೇಳಿರಲಿಲ್ಲ, ಮನೆಯವರು ಬಾಯಿಮಾತಿನಲ್ಲಿ ಹಾಗೆ ಹಂಚಿಕೊಂಡಿದ್ದರು. ಆದರೆ ಒಬ್ಬರು ಬರೆದುಕೊಟ್ಟ ಲೀಸ್ ಉಳಿದ ಆರು ಜನರನ್ನು ಕಟ್ಟಿಹಾಕುವುದಿಲ್ಲ, ಅವರಲ್ಲಿ ಯಾರಾದರೂ ನಾಳೆ ವಿಭಾಗದಾವೆ ಹೂಡಬಹುದು. ಆ ಮನೆಯ ಅಮ್ಮ ನಮಗೆ ಐದು ವಾರವೂ ಬೆಳಿಗ್ಗೆ ಚಹಾ ಕಳಿಸಿದ್ದರು. ಬೇಡ ಎಂದು ಹೇಳುವುದು ಕಷ್ಟವಾಯಿತು.

ಹಾಗಾಗಿ ಲೇನ್ ಬಾನ್. ಕೋಟೆ 1988ರಿಂದ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಯಲ್ಲಿದೆ. ರಿಪೇರಿಯ ನಕ್ಷೆ ಗಾಲೆ ಹೆರಿಟೇಜ್ ಫೌಂಡೇಶನ್ ಮತ್ತು ಪುರಾತತ್ತ್ವ ಇಲಾಖೆಯ ಕಣ್ಣಿಗೆ ಬೀಳಬೇಕು. ಅಂಗಳದ ಮೂಲೆಯಲ್ಲಿ ಅನುಮತಿಯಿಲ್ಲದೆ ಕಟ್ಟಿದ್ದ ಬಚ್ಚಲನ್ನು ಮಾಲೀಕರೇ ತೆಗೆಸಿಕೊಡಬೇಕು ಎಂದು ಕರಾರಿನಲ್ಲಿ ಬರೆಸಿದೆವು. ಆ ಒಂದು ಸಾಲಿಗೆ ಎರಡು ತಿಂಗಳು ಚೌಕಾಸಿ ನಡೆಯಿತು, ಸಹಿಯಾಗುವಾಗ ಡಿಸೆಂಬರ್.

ಹೆಂಚು ಹೊದೆಸಿ ಆಗಿದೆ, ಜಂತಿ ಬದಲಿಸಿದ್ದಾಗಿದೆ. ಸಿಮೆಂಟನ್ನೆಲ್ಲ ಕೆತ್ತಿಸಿ ಗೋಡೆಗಳನ್ನು ಬರಿಮೈಯಲ್ಲಿ ಬಿಟ್ಟಿದ್ದೇವೆ. ಮಾರ್ಚ್‌ವರೆಗೂ ಹೀಗೇ ಒಣಗಲಿ, ಆಮೇಲೆ ಸುಣ್ಣ ಎಂದಿದ್ದಾರೆ ಬಾಸ್ ಉನ್ನೆಹೆ.