ಪರದೆ, ಫೋನು, ಅತ್ತಿಗೆ, ಕಾಗದ: ನನ್ನ ಮೊದಲ ಕಾದಂಬರಿಯ ಕರಡು ತಿದ್ದಿದ ಬಗೆ

ನನ್ನ ಮೊದಲ ಪ್ರೇಮ ಕಾದಂಬರಿ ಅಚ್ಚಿಗೆ ಹೋಗುವ ಮೊದಲು ಕರಡನ್ನು ನಾಲ್ಕು ಸಲ, ನಾಲ್ಕು ಬಗೆಯಲ್ಲಿ ಓದಿದೆ. ಕಾದಂಬರಿಗಳಿಗೆ ಸಾಮಾನ್ಯವಾದ ಡೆಮ್ಮಿ 1/8 ಆಕಾರದಲ್ಲಿ 212 ಪುಟ. ಒಂದು ಓದಿನಲ್ಲಿ ಸಿಕ್ಕ ತಪ್ಪು ಇನ್ನೊಂದರಲ್ಲಿ ಸಿಗಲಿಲ್ಲ.

ಕಂಪ್ಯೂಟರ್ ಪರದೆಯ ಮೇಲಿನ ಓದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ದುರ್ಬಲ. ಬರೆದವರ ಕಣ್ಣಿಗೆ ನೆನಪಿನಲ್ಲಿರುವ ವಾಕ್ಯವೇ ಕಾಣುತ್ತದೆ. ನಾಯಕನ ತಂಗಿ ಒಂದು ಕಡೆ ಸುಮಾ, ಇನ್ನೊಂದು ಕಡೆ ಸುಧಾ ಆಗಿದ್ದಳು. ಹೆಸರು ಹಾಕಿ ಹುಡುಕಿ ಸರಿಮಾಡಿದೆ, ಅಷ್ಟೇ ಲಾಭ.

ಕಡತವನ್ನು ಗಟ್ಟಿಯಾಗಿ ಓದಿ ಹೇಳುವ ಫೋನಿನ ಕನ್ನಡ ದನಿ ಇದಕ್ಕಿಂತ ವಾಸಿ. ಇದ್ದದ್ದನ್ನು ಇದ್ದ ಹಾಗೇ ಓದುತ್ತದೆ. ‘ಅವನ ಅವನ ಕೈ’ ಎಂದು ಎರಡು ಸಲ ಬಿದ್ದಿದ್ದ ಪದ, ಒಂದೇ ಪ್ಯಾರಾದಲ್ಲಿ ಮೂರು ಸಲ ಬಂದಿದ್ದ ‘ಸುಮ್ಮನೆ’ ಥಟ್ಟನೆ ಕಿವಿಗೆ ತಾಗಿದವು. ಆದರೆ ಅದು ಪ್ರೇಮಪತ್ರವನ್ನೂ ಲಕೋಟೆಯ ಮೇಲಿನ ವಿಳಾಸವನ್ನೂ ಒಂದೇ ರಾಗದಲ್ಲಿ ಓದುತ್ತದೆ. ಅರ್ಧ ಗಂಟೆಯ ಮೇಲೆ ನನ್ನ ಗಮನ ನಿಲ್ಲಲಿಲ್ಲ.

ನಿಜವಾದ ತಪ್ಪು ಹಿಡಿದವರು ಅತ್ತಿಗೆ. ರಾತ್ರಿ ಅಡುಗೆಮನೆ ಒರೆಸಿಯಾದ ಮೇಲೆ ದಿನಕ್ಕೆ ಹತ್ತು ಪುಟದಂತೆ ಅವರಿಗೆ ಗಟ್ಟಿಯಾಗಿ ಓದಿ ಹೇಳುತ್ತಿದ್ದೆ. ನನ್ನ ನಾಯಕ, ನಾಯಕಿ ತಾಳಗುಪ್ಪ–ಮೈಸೂರು ರೈಲಿನಲ್ಲಿ ಪರಿಚಯವಾದವರು. ಅವಳು ಅವನನ್ನು ಮೊದಲ ಸಲ ‘ನೀನು’ ಎನ್ನುವುದು ಅರಸೀಕೆರೆಯ ಪ್ಲಾಟ್‌ಫಾರ್ಮಿನಲ್ಲಿ. ಇಡೀ ಕಥೆಯ ತಿರುವೇ ಆ ಒಂದು ಪದ. ಅದಾಗಿ ಎರಡು ಅಧ್ಯಾಯ ಕಳೆದು ಅವಳು ಫೋನಿನಲ್ಲಿ “ಭಾನುವಾರ ಬರ್ತೀರಾ?” ಎಂದು ಕೇಳುತ್ತಾಳೆ. ಅತ್ತಿಗೆ ತಕ್ಷಣ ತಡೆದರು: “ಯಾಕೆ, ಜಗಳ ಆಯ್ತಾ? ಮತ್ತೆ ಬಹುವಚನ ಶುರು ಮಾಡಿದ್ಲು?”

ನಾನು ‘ನೀವು’ ಎಂದು ಹುಡುಕಿ ಎಲ್ಲವನ್ನೂ ತಿದ್ದಿಬಿಟ್ಟಿದ್ದೇನೆ ಎಂದುಕೊಂಡಿದ್ದೆ. ನಮ್ಮ ಭಾಷೆಯಲ್ಲಿ ಬಹುವಚನದ ಆ ದೂರ ‘ನೀವು’ ಎಂಬ ಒಂದು ಪದದಲ್ಲಷ್ಟೇ ಇಲ್ಲ. ‘ಬರ್ತೀರಾ’, ‘ಕೂತ್ಕೊಳ್ಳಿ’, ‘ನಿಮ್ಮಮ್ಮ’ ಎಲ್ಲದರಲ್ಲೂ ಇದೆ. ಅಂಥವು ಇನ್ನೂ ಹನ್ನೊಂದು ಸಿಕ್ಕವು. ಪ್ರೇಮಕಥೆಯಲ್ಲಿ ಕಾಗುಣಿತದ ತಪ್ಪನ್ನು ಓದುಗರು ಕ್ಷಮಿಸಬಹುದು, ಇದನ್ನು ಕ್ಷಮಿಸಲಾರರು.

ಹಾಗಂತ ಕಾಗದವನ್ನು ಬಿಡುವಂತಿಲ್ಲ. ಪುಟ ಕಟ್ಟುವವರು ನನ್ನ ಯುನಿಕೋಡ್ ಕಡತವನ್ನು, ಪುಟ ಜೋಡಿಸುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ಗಾಗಿ ಹಳೆಯ ಫಾಂಟಿಗೆ ಬದಲಾಯಿಸಿದರು. ಅಕ್ಷರಗಳು ಒತ್ತಾಗಿ ಕೂಡಿಕೊಳ್ಳದಂತೆ ನಡುವೆ ನಿಲ್ಲುವ, ಕಣ್ಣಿಗೆ ಕಾಣದ ಒಂದು ಗುರುತು ಆ ಬದಲಾವಣೆಯಲ್ಲಿ ಉದುರಿಹೋಗಿತ್ತು. ‘ಡಾಕ್ಟರ್‌ಗೆ’ ಹೋಗಿ ‘ಡಾಕ್ಟರ್ಗೆ’, ‘ಫೋನ್‌ನಲ್ಲಿ’ ಹೋಗಿ ‘ಫೋನ್ನಲ್ಲಿ’. ಇದು ಕಿವಿಗೆ ಕೇಳಿಸುವ ತಪ್ಪಲ್ಲ. ಪುಟಕ್ಕೆ 2 ರೂಪಾಯಿಯಂತೆ 424 ರೂಪಾಯಿ ಕೊಟ್ಟು ಪ್ರಿಂಟ್ ತೆಗೆಸಿ, ಸಾಲಿನ ಕೆಳಗೆ ಸ್ಕೇಲ್ ಇಟ್ಟು, ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದೆ. ಐದು ದಿನ ಹಿಡಿಯಿತು.

ಎರಡನೆಯ ಕಾದಂಬರಿಗೆ ಪರದೆಯ ಓದನ್ನು ಹುಡುಕಾಟಕ್ಕಷ್ಟೇ ಇಟ್ಟುಕೊಳ್ಳುತ್ತೇನೆ. ಪುಟ ಕಟ್ಟುವ ಮೊದಲು ಅತ್ತಿಗೆ, ಕಟ್ಟಿದ ಮೇಲೆ ಕಾಗದ. ಅದರ ಮೊದಲ ಮೂರು ಅಧ್ಯಾಯವನ್ನು ಅತ್ತಿಗೆ ಆಗಲೇ ಕೇಳಿದ್ದಾರೆ. ನಾಯಕ ನಾಯಕಿ ಇನ್ನೂ ‘ನೀವು’ ಎಂದೇ ಮಾತಾಡುತ್ತಿದ್ದಾರೆ.