ರೇಡ್ 5 ಬಿಟ್ಟು ರೇಡ್ 6ಕ್ಕೆ ಬಂದ ಮೇಲೆ: ಆರು ವರ್ಷದ ಬಳಕೆ

ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಒಂದಾಗಿ ಸೇರಿಸಿ, ಡಿಸ್ಕ್ ಕೆಟ್ಟರೂ ಡೇಟಾ ಉಳಿಯುವ ಹಾಗೆ ಮಾಡುವ ವಿಧಾನ; 5, 6, 10 ಅದರ ಬಗೆಗಳು. ರೇಡ್ 5 ಒಂದು ಡಿಸ್ಕ್ ಹೋದರೆ ಮಾತ್ರ ತಡೆದುಕೊಳ್ಳುತ್ತದೆ. ಸರ್ವರ್ ಜೋಡಿಸುವಾಗ ನಾನು ನೋಡಿದ್ದು ಜಾಗದ ಲೆಕ್ಕ ಒಂದೇ. 8 ಟಿಬಿಯ ನಾಲ್ಕು ಡಿಸ್ಕ್‌ಗೆ ರೇಡ್ 5 ಹಾಕಿದರೆ 24 ಟಿಬಿ ಸಿಗುತ್ತದೆ. ರೇಡ್ 6 ಆಗಲಿ, ರೇಡ್ 10 ಆಗಲಿ, ಸಿಗುವುದು 16. ಸುಮ್ನೆ ಯಾಕೆ 8 ಟಿಬಿ ಕಳೆದುಕೊಳ್ಳಬೇಕು ಅಂತ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ನಲ್ಲಿ 5 ಹಾಕಿದೆ.

ಮೂರು ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಒಂದು ಡಿಸ್ಕ್ ಕೈಕೊಟ್ಟಿತು. ಹೊಸದು ಹಾಕಿ ರೀಬಿಲ್ಡ್ (ಉಳಿದ ಡಿಸ್ಕ್‌ಗಳನ್ನು ಓದಿ ಹೊಸದರಲ್ಲಿ ಡೇಟಾ ಮರಳಿ ಕಟ್ಟುವುದು) ಶುರು ಮಾಡಿದೆ. ಸೆಕೆಂಡಿಗೆ 150 ಎಂಬಿ ವೇಗ ಸಿಕ್ಕರೂ 8 ಟಿಬಿ ತುಂಬಲು ಸುಮಾರು 15 ಗಂಟೆ ಬೇಕು. ಸರ್ವರ್ ನಿಲ್ಲಿಸುವ ಹಾಗಿರಲಿಲ್ಲ, ಹಾಗಾಗಿ ನನಗೆ ಎರಡು ದಿನ ಹಿಡಿಯಿತು. ಅಷ್ಟು ಹೊತ್ತೂ ಉಳಿದ ಮೂರು ಡಿಸ್ಕ್‌ಗಳನ್ನು ಪೂರ್ತಿ ಓದಬೇಕು. ಅದರಲ್ಲಿ ಇನ್ನೊಂದು ಹೋದರೆ ಎಲ್ಲವೂ ಹೋದಂತೆ. ಒಂದೇ ಒಂದು ಸೆಕ್ಟರ್ (ಡಿಸ್ಕ್‌ನ ಚಿಕ್ಕ ತುಣುಕು) ಓದಲು ಬಾರದಿದ್ದರೂ ಆ ಜಾಗದ ಡೇಟಾ ಮರಳಿ ಕಟ್ಟಲು ಆಗುವುದಿಲ್ಲ. ಎಷ್ಟೋ ಸಾಮಾನ್ಯ ಡಿಸ್ಕ್‌ಗಳ ವಿವರಪಟ್ಟಿಯ ಪ್ರಕಾರ ಸುಮಾರು 12.5 ಟಿಬಿ ಓದಿದರೆ ಇಂಥ ಒಂದು ತಪ್ಪು ಬರಬಹುದು. ಬಳಕೆಯಲ್ಲಿ ಅಷ್ಟು ಕೆಟ್ಟದಾಗಿರುವುದಿಲ್ಲ, ಸರಿ. ಆದರೆ ನಾನು ಓದಿಸುತ್ತಿದ್ದದ್ದು 24 ಟಿಬಿ! ಪುಣ್ಯಕ್ಕೆ ಪಾರಾದೆ.

ಮಾರನೇ ವಾರವೇ ಬ್ಯಾಕಪ್ ತೆಗೆದು ರೇಡ್ 6 ಮಾಡಿದೆ. ಅಷ್ಟೇ ಜಾಗಕ್ಕೆ ರೇಡ್ 10 ಯಾಕಲ್ಲ ಅಂತ ಕೇಳಬಹುದು. ರೇಡ್ 10ರಲ್ಲಿ ಎರಡೆರಡು ಡಿಸ್ಕ್ ಜೋಡಿಯಾಗಿ ಒಂದೇ ಡೇಟಾ ಇಟ್ಟುಕೊಂಡಿರುತ್ತವೆ, ಒಂದೇ ಜೋಡಿಯ ಎರಡೂ ಡಿಸ್ಕ್ ಹೋದರೆ ಮುಗಿಯಿತು. ರೇಡ್ 6ರಲ್ಲಿ ಯಾವ ಎರಡು ಹೋದರೂ ಡೇಟಾ ಉಳಿಯುತ್ತದೆ. ನನ್ನದು ಹೆಚ್ಚಾಗಿ ದೊಡ್ಡ ಫೈಲ್‌ಗಳು, ಬರೆಯುವ ವೇಗ ಕಡಿಮೆಯಾದರೂ ಗೊತ್ತಾಗುವುದಿಲ್ಲ.

ಡೇಟಾಬೇಸ್ ಮಾತು ಬೇರೆ. ಡಿಸ್ಕ್‌ಗೆ ಒಂದು ಚಿಕ್ಕ ತುಣುಕು ಡೇಟಾ ಬರೆಯಲು ರೇಡ್ 5 ನಾಲ್ಕು ಸಲ ಡಿಸ್ಕ್ ಮುಟ್ಟುತ್ತದೆ, ರೇಡ್ 6 ಆರು ಸಲ, ರೇಡ್ 10 ಎರಡೇ ಸಲ. ಹಾಗಾಗಿ ಅದನ್ನು ನಾಲ್ಕು ಎಸ್‌ಎಸ್‌ಡಿಗಳ ರೇಡ್ 10ಕ್ಕೆ ಸಾಗಿಸಿದೆ. ಕ್ವೆರಿಗಳು (ಡೇಟಾಬೇಸ್‌ಗೆ ಕೇಳುವ ಪ್ರಶ್ನೆಗಳು) ಕಾಯಿಸುವುದು ನಿಂತಿತು.

ನನ್ನ ಸರ್ವರ್‌ನ ಲಿನಕ್ಸ್ ಆದ ಡೆಬಿಯನ್‌ನಲ್ಲಿ ತಿಂಗಳ ಮೊದಲ ಭಾನುವಾರ ಅರೇ (ರೇಡ್‌ನ ಡಿಸ್ಕ್‌ಗಳ ಗುಂಪು) ತಪಾಸಣೆ ತಾನಾಗಿಯೇ ನಡೆಯುತ್ತದೆ. ಅವತ್ತು ಸರ್ವರ್ ನಿಧಾನ ಅಂತ ಮೊದಲು ಆಫ್ ಮಾಡಿದ್ದೆ, ದಡ್ಡತನ. ಸದ್ದಿಲ್ಲದೆ ಕೆಟ್ಟ ಸೆಕ್ಟರ್‌ಗಳು ಸಿಗುವುದು ಅಲ್ಲೇ ಅಲ್ವಾ? ಈಗ ಆನ್ ಇದೆ. ಬ್ಯಾಕಪ್ಪೂ ನಿಲ್ಲಿಸಿಲ್ಲ, ಯಾಕೆಂದರೆ ಹೋದ ವರ್ಷ ನಾನೇ ಒಂದು ಫೋಲ್ಡರ್ ಅಳಿಸಿದಾಗ ರೇಡ್ ಅದನ್ನು ನಾಲ್ಕೂ ಡಿಸ್ಕ್‌ಗಳಿಂದ ನಿಷ್ಠೆಯಿಂದ ಅಳಿಸಿಹಾಕಿತು.